ಮನೆಯಲ್ಲೇ ಹರಳೆಣ್ಣೆ ತೆಗೆಯುತ್ತೇನೆ

ನಮ್ಮ ಹಿತ್ತಲಲ್ಲಿ ಹರಳು ಗಿಡ ತಾನಾಗಿಯೇ ಹುಟ್ಟುತ್ತದೆ. ಅಜ್ಜಿ ಇರುವವರೆಗೂ ಎಣ್ಣೆ ಮನೆಯಲ್ಲೇ ಆಗುತ್ತಿತ್ತು. ಆಮೇಲೆ ಅಂಗಡಿಯಿಂದ ತರತೊಡಗಿದೆವು. ಮೂರು ವರ್ಷದಿಂದ ಮತ್ತೆ ನಾನೇ ತೆಗೆಯುತ್ತಿದ್ದೇನೆ.

2 ಕಿಲೋ ಬೀಜವನ್ನು ನಾಲ್ಕು ದಿನ ಬಿಸಿಲಿಗೆ ಹಾಕುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ಹುರಿಯಬೇಕು. ಸಿಪ್ಪೆ ಚಟಪಟ ಅನ್ನಬೇಕು, ಸೀಯಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಟ್ಟುತ್ತೇನೆ, ಅದರ ಧೂಳು ಕೆಲವರಿಗೆ ಅಲರ್ಜಿ. ಈ ಒರಳನ್ನು ಅಡುಗೆಗೆ ಬಳಸುವುದಿಲ್ಲ.

ಕುಟ್ಟಿದ ಜಿಡ್ಡು ಮುದ್ದೆಯನ್ನು ಕುದಿಯುವ ನೀರಿಗೆ ಹಾಕಿ ಎರಡು ಗಂಟೆ ಕುದಿಯಲು ಬಿಟ್ಟರೆ ಎಣ್ಣೆ ತೇಲುತ್ತದೆ. ಅದನ್ನು ಸೌಟಿನಿಂದ ಮೆಲ್ಲಗೆ ತೆಗೆಯುತ್ತೇನೆ. ಮೊದಲ ವರ್ಷ ಇಲ್ಲೇ ಅವಸರ ಮಾಡಿದೆ. ನೀರಿನ ಪಸೆ ಉಳಿದು, ತಿಂಗಳೊಳಗೆ ಎಣ್ಣೆ ಕಮಟು ಹಿಡಿಯಿತು. ಅಷ್ಟು ದಿನದ ಕೆಲಸ ಹಾಳಾಯಿತಲ್ಲಾ ಎಂದು ತುಂಬಾ ಬೇಜಾರಾಯಿತು. ಈಗ ತೆಗೆದ ಎಣ್ಣೆಯನ್ನು ಮತ್ತೆ ಒಲೆಗಿಟ್ಟು, ಚುರುಚುರು ಸದ್ದು ಪೂರ್ತಿ ನಿಲ್ಲುವವರೆಗೆ ಕಾಯುತ್ತೇನೆ. ಕೊನೆಗೆ ಸಿಗುವುದು ಅರ್ಧ ಲೀಟರ್‌ನಷ್ಟು.

ಹರಳು ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಹಸಿ ಬೀಜ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಈ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಕೆಡುತ್ತದೆ. ಆದರೂ ಉಳಿದ ಹಿಂಡಿಯನ್ನು ದನಕ್ಕೆ ಹಾಕುವುದಿಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚುತ್ತೇನೆ, ಒಳ್ಳೆಯ ಗೊಬ್ಬರ.

ಈ ಎಣ್ಣೆ ಇಷ್ಟು ದಪ್ಪ ಇರುವುದು ರಿಸಿನೋಲಿಕ್ ಆಮ್ಲ ಎಂಬ ಕೊಬ್ಬಿನ ಅಂಶದಿಂದ. ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಅದೇ. ಹೊಟ್ಟೆಗೆ ಹೋದಾಗ ಕರುಳನ್ನು ಹಿಂಡಿ ಭೇದಿ ಮಾಡಿಸುವುದೂ ಅದೇ. ಅಜ್ಜಿ ನಮಗೆಲ್ಲ ಚಮಚದಲ್ಲಿ ಕುಡಿಸುತ್ತಿದ್ದರು. ನಾನು ನನ್ನ ಮಕ್ಕಳಿಗೆ ಕುಡಿಸುವುದಿಲ್ಲ. ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಮಗು ಸುಸ್ತಾಗುತ್ತದೆ. ಬಸುರಿಯರಂತೂ ಕುಡಿಯಲೇಬಾರದು, ಗರ್ಭಕೋಶವನ್ನೂ ಅದು ಹಿಂಡುತ್ತದೆ.

ಹಚ್ಚುವುದಕ್ಕೆ ಮಾತ್ರ ಇದರಷ್ಟು ನನಗೆ ಹಿಡಿಸಿದ್ದು ಬೇರೆ ಇಲ್ಲ. ಕೂದಲು ಉದ್ದ ಬೆಳೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಚರ್ಮದ ಪಸೆ ಆರದಂತೆ ಹಿಡಿದಿಡುತ್ತದೆ. ಚಳಿಗಾಲದಲ್ಲಿ ಅಮ್ಮನ ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು. ರಾತ್ರಿ ಬಿಸಿನೀರಲ್ಲಿ ಕಾಲು ತೊಳೆದು, ಹರಳೆಣ್ಣೆ ಹಚ್ಚಿ, ಹಳೇ ಕಾಲುಚೀಲ ಹಾಕಿಸಿದೆ. ಹತ್ತು ದಿನದಲ್ಲಿ ನೋವಿಲ್ಲದೆ ಮೆಟ್ಟಿಲು ಹತ್ತಿದರು. ಈ ವರ್ಷದ ಮೊದಲ ಬಾಟಲಿ ಅವರ ಮಂಚದ ಪಕ್ಕದಲ್ಲೇ ಇದೆ.