ಸ್ಟಾನ್‌ಫರ್ಡ್ ನೋಡಲು ಹೊರಟ ಹೊಸಬರಿಗೆ: ಅಪ್ಪ ಯಾರು, ಮಗ ಯಾರು

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಮನೆ ಹೂಡಿದ ಮೇಲೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಅವರಿಗೆ ಸ್ಟಾನ್‌ಫರ್ಡ್ ತೋರಿಸಬೇಕಾಗುತ್ತದೆ. ಅಲ್ಲಿ ಹೆಚ್ಚಿನವರು ಎಡವುವುದು ಹೆಸರಿನಲ್ಲೇ. ಪೂರ್ತಿ ಹೆಸರು ಲೀಲೆಂಡ್ ಸ್ಟಾನ್‌ಫರ್ಡ್ ಜೂನಿಯರ್ ಯೂನಿವರ್ಸಿಟಿ. ಈ ‘ಜೂನಿಯರ್’ಗೂ ನಮ್ಮ ಜೂನಿಯರ್ ಕಾಲೇಜಿಗೂ ಸಂಬಂಧವಿಲ್ಲ. 1884ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಟೈಫಾಯ್ಡ್ ಬಂದು, ಹದಿನಾರು ತುಂಬುವ ಮೊದಲೇ ತೀರಿಹೋದ ಒಬ್ಬನೇ ಮಗನ ಹೆಸರು ಅದು; ಅವನ ನೆನಪಿಗೆ ಅಪ್ಪ ಅಮ್ಮ ಕಟ್ಟಿದ್ದೇ ಈ ವಿಶ್ವವಿದ್ಯಾಲಯ.

ಅಪ್ಪ ಲೀಲೆಂಡ್ ಹುಟ್ಟಿದ್ದು 1824ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ವಿಸ್ಕಾನ್ಸಿನ್‌ನಲ್ಲಿ ವಕೀಲನಾಗಿದ್ದಾಗ ಬೆಂಕಿ ಬಿದ್ದು ಕಾನೂನು ಪುಸ್ತಕಗಳೆಲ್ಲ ಸುಟ್ಟವು. 1852ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದವನು ಚಿನ್ನ ಅಗೆಯುವವರಿಗೆ ದಿನಸಿ ಮಾರಿ ಬೆಳೆದ. 1861ರಲ್ಲಿ ಸ್ಯಾಕ್ರಮೆಂಟೊದ ವ್ಯಾಪಾರಿಗಳಾದ ಹಂಟಿಂಗ್ಟನ್, ಹಾಪ್ಕಿನ್ಸ್, ಕ್ರೋಕರ್ ಜೊತೆ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಟ್ಟಿ ಅದರ ಅಧ್ಯಕ್ಷನಾದ. 1862-63ರಲ್ಲಿ ರಾಜ್ಯದ ಗವರ್ನರ್ ಕೂಡ ಅವನೇ. ಎರಡೂ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ದುಡ್ಡು ಬಂದ ದಾರಿ ನೋಡಿ. 1862ರ ರೈಲ್ವೆ ಕಾಯ್ದೆ ಪ್ರಕಾರ ಹಳಿ ಹಾಕಿದ ಪ್ರತಿ ಮೈಲಿಗೆ ಸರ್ಕಾರ ಬಾಂಡ್ ರೂಪದಲ್ಲಿ ಸಾಲ ಕೊಡುತ್ತಿತ್ತು: ಬಯಲಿನಲ್ಲಿ 16,000 ಡಾಲರ್, ಬೆಟ್ಟದಲ್ಲಿ 48,000. ಸ್ಯಾಕ್ರಮೆಂಟೊದಿಂದ ಏಳೇ ಮೈಲಿ ಆಚೆಗಿನ ಆರ್ಕೇಡ್ ಕ್ರೀಕ್, ಕಣ್ಣಿಗೆ ಸಪಾಟು ನೆಲ. ಬೆಟ್ಟ ಅಲ್ಲಿಂದಲೇ ಶುರುವೆಂದು ಕಂಪನಿಯವರು ಸರ್ಕಾರವನ್ನು ಒಪ್ಪಿಸಿದರು. ಹಾಗಾಗಿ ಬಯಲಿನ ಕೆಲಸಕ್ಕೂ ಬೆಟ್ಟದ ದರ ಸಿಕ್ಕಿತು.

ಗವರ್ನರ್ ಆದ ದಿನದ ಭಾಷಣದಲ್ಲಿ ಸ್ಟಾನ್‌ಫರ್ಡ್ ಚೀನೀಯರ ವಲಸೆ ತಡೆಯಬೇಕೆಂದ. ಆದರೆ ಸಿಯೆರಾ ಬೆಟ್ಟದ ಗ್ರಾನೈಟ್ ಕೊರೆದು ಹಳಿ ಹಾಕಿದ್ದು ಸಾವಿರಾರು ಚೀನೀ ಕೂಲಿಗಳೇ. ಬಿಳಿಯ ಕೂಲಿಗಳಿಗೆ ಊಟ ಕಂಪನಿಯದು, ಇವರ ಊಟ ಇವರದೇ ಖರ್ಚು. 1867ರ ಜೂನ್‌ನಲ್ಲಿ ಇವರು ಕೆಲಸ ನಿಲ್ಲಿಸಿದಾಗ ಕಂಪನಿ ದಿನಸಿ ಸಾಗಣೆ ತಡೆಹಿಡಿದು ಮಣಿಸಿತು. ಹೊರದೇಶದಲ್ಲಿ ದುಡಿಯಲು ಬಂದ ನಾವು ಕ್ಯಾಂಪಸ್‌ನ ಕಮಾನುಗಳ ಫೋಟೋ ತೆಗೆಯುವ ಮೊದಲು ಇದನ್ನು ತಿಳಿದಿರಲೇಬೇಕು.

ಹೋಗುವ ಕ್ರಮ ಹೀಗಿರಲಿ. ಕ್ಯಾಲ್‌ಟ್ರೇನ್ ಎಂಬ ಸ್ಥಳೀಯ ರೈಲಿನಲ್ಲಿ ಪಾಲೊ ಆಲ್ಟೊ ನಿಲ್ದಾಣಕ್ಕೆ ಬನ್ನಿ. ಕ್ಲಿಪ್ಪರ್ ಕಾರ್ಡನ್ನು (ಟಿಕೆಟ್ ಬದಲು ಬಳಸುವ ಪ್ರಯಾಣದ ಕಾರ್ಡು) ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ ನಿಲ್ದಾಣದ ಯಂತ್ರಕ್ಕೆ ಮುಟ್ಟಿಸಿ. ಎರಡನೆಯದು ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಅಲ್ಲಿಂದ ಕ್ಯಾಂಪಸ್ ಸುಮಾರು ಒಂದು ಮೈಲಿ. ವಯಸ್ಸಾದವರಿದ್ದರೆ ಸ್ಟಾನ್‌ಫರ್ಡ್‌ನದೇ ಆದ ಮಾರ್ಗರೀಟ್ ಬಸ್ ಹತ್ತಿ, ಟಿಕೆಟ್ ಬೇಡ.

ಮೊದಲು ಕ್ಯಾಂಟರ್ ಮ್ಯೂಸಿಯಂ. ಪ್ರವೇಶ ಉಚಿತ, ತೆರೆದಿರುವ ದಿನ ನೋಡಿಕೊಂಡೇ ಹೊರಡಿ. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಪೂರ್ವ, ಪಶ್ಚಿಮ ಎರಡು ಕಡೆಯಿಂದ ಬಂದ ಹಳಿ ಕೂಡಿದಾಗ ಸ್ಟಾನ್‌ಫರ್ಡ್ ಹಿಡಿದ ಚಿನ್ನದ ಮೊಳೆ ಈ ಮ್ಯೂಸಿಯಂನದು. ಹತ್ತಿರ ಹೋಗಿ ಕೆತ್ತನೆ ಓದಿ: ತಾರೀಖು ಮೇ 8 ಎಂದಿದೆ. ಸಮಾರಂಭ ಎರಡು ದಿನ ತಡವಾಯಿತು, ಕೆತ್ತಿದ್ದು ಹಾಗೇ ಉಳಿಯಿತು. ಚಿನ್ನ ಮೆತ್ತಗೆ; ಹೊಡೆದರೆ ಬಾಗುತ್ತದೆ. ಅದಕ್ಕೇ ಮೊದಲೇ ತೂತು ಕೊರೆದ ಮರದ ದಿಮ್ಮಿಯಲ್ಲಿ ಇಳಿಸಿ, ತೆಗೆದು, ಕಬ್ಬಿಣದ ಮೊಳೆ ಹೊಡೆದರು. ಮೊಳೆಯ ಮೇಲೆ ಕಂಪನಿಯ ನಿರ್ದೇಶಕರ ಹೆಸರುಗಳಿವೆ, ಕೂಲಿಗಳದು ಒಂದೂ ಇಲ್ಲ.

ನಂತರ ಮರಗಳ ನಡುವಿನ ಸಮಾಧಿಗೆ ನಡೆಯಿರಿ. ಅಪ್ಪ, ಅಮ್ಮ, ಮಗ ಮೂವರೂ ಅಲ್ಲಿದ್ದಾರೆ. ಅಮ್ಮ ಜೇನ್‌ರನ್ನು ಮರೆಯಬೇಡಿ. 1891ರಲ್ಲಿ ತರಗತಿ ಶುರುವಾಗಿ ಎರಡೇ ವರ್ಷಕ್ಕೆ, ಸೆನೆಟರ್ ಆಗಿದ್ದಾಗಲೇ ಗಂಡ ತೀರಿಕೊಂಡ. ಆ ರೈಲ್ವೆ ಸಾಲದ ಬಾಬ್ತು ಸುಮಾರು 1.5 ಕೋಟಿ ಡಾಲರ್ ಕೊಡಿ ಎಂದು ಸರ್ಕಾರ ಆಸ್ತಿಯ ಮೇಲೆ ದಾವೆ ಹೂಡಿತು. 1896ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕುವವರೆಗೆ, ತಮಗೆ ಬರುತ್ತಿದ್ದ ತಿಂಗಳ ಮನೆಖರ್ಚಿನ ಹಣದಲ್ಲೇ ಜೇನ್ ಪ್ರೊಫೆಸರ್‌ಗಳ ಸಂಬಳ ನಡೆಸಿದರು.