ಗೂಬೆ ನೋಡಬೇಕೆ? ಮೊದಲು ಮರದ ಬುಡ ನೋಡಿ

ತೀರ್ಥಹಳ್ಳಿ, ಹೊಸನಗರದ ಕಡೆ ಗೂಬೆ ನೋಡಲು ಹೊರಡುವವರು ರಾತ್ರಿಯೆಲ್ಲ ಟಾರ್ಚ್ ಹಿಡಿದು ಅಲೆಯುವುದು ಬೇಡ. ಹಗಲಿನಲ್ಲೇ ಅಡಕೆ ತೋಟದಂಚಿನ ಹಳೆಯ ಮಾವು, ಹಲಸಿನ ಮರಗಳ ಬುಡ ನೋಡಿ. ಕಾಂಡದ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆ ಇದ್ದು, ಕೆಳಗೆ ಗೂಬೆ ಜೀರ್ಣವಾಗದ್ದನ್ನು ಬಾಯಿಂದ ಉಗುಳಿದ ಬೂದುಬಣ್ಣದ ಉಂಡೆಗಳು ಬಿದ್ದಿದ್ದರೆ ಒಂದನ್ನು ಕಡ್ಡಿಯಿಂದ ಬಿಡಿಸಿ. ಇಲಿಯ ಕೂದಲು, ಪುಟ್ಟ ದವಡೆ, ಜೀರುಂಡೆಯ ಚಿಪ್ಪು ಸಿಕ್ಕರೆ ಮೇಲೆ ಗೂಬೆಯಿದೆ ಎಂದೇ ಲೆಕ್ಕ. ಕಾಜಾಣ, ಪಿಕಳಾರಗಳು ಒಂದೇ ಕೊಂಬೆಯ ಸುತ್ತ ಗಲಾಟೆ ಎಬ್ಬಿಸಿದರೂ ಅಲ್ಲಿಗೆ ಕಣ್ಣು ಹಾಯಿಸಿ.

ಹಾಲಕ್ಕಿ ಎಂಬ ಪುಟ್ಟ ಚುಕ್ಕೆಗೂಬೆ ಸಂಜೆ ಬೆಳಕಿರುವಾಗಲೇ ಪೊಟರೆಯ ಬಾಯಿಗೆ ಬಂದು ಕೂರುತ್ತದೆ. ಹೊಸಬರಿಗೆ ಅದೇ ಸರಿ. ಮೀನುಗೂಬೆಗೆ ಹಳ್ಳದ ದಡದ ದಟ್ಟ ಮರ ಬೇಕು.

ಫ್ಲ್ಯಾಶ್ ಬೇಡವೇ ಬೇಡ. ಕ್ಯಾಮೆರಾವನ್ನು ಅಕ್ಕಿ ತುಂಬಿದ ಚೀಲದ ಮೇಲಿಟ್ಟು ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600ರಿಂದ 3200, ಶಟರ್ 1/60 ಸೆಕೆಂಡ್ ಇಟ್ಟರೆ ಸಾಕು. ಕೂತ ಗೂಬೆ ಅಲುಗಾಡುವುದು ಕಡಿಮೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ನಿಮ್ಮನ್ನೇ ದಿಟ್ಟಿಸತೊಡಗಿದರೆ ತೀರಾ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವ ಚಾಳಿ ನನಗಂತೂ ಹಿಡಿಸದು.

ಚಿತ್ರ ಹಂಚುವಾಗ ಊರು, ಮರದ ಗುರುತು ಹೇಳಬೇಡಿ. ದೀಪಾವಳಿಯ ಹೊತ್ತಿಗೆ ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿಯುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.