ಮುಸ್ಲಿಂ ಪಕ್ಷ ಸೋತರೆ ಗೆದ್ದವರು ಯಾರು?

ಮಡಿಕೇರಿಯಲ್ಲಿ ಕೂತು ಒಂದು ಪತ್ರಿಕೆಗೆ ವಿದೇಶಿ ಸುದ್ದಿ ಅನುವಾದ ಮಾಡುತ್ತಿದ್ದೆ. 2014ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಆಫ್ರಿಕಾದ ಟುನೀಷಿಯಾ ಚುನಾವಣೆಯ ಸುದ್ದಿ ಬಂತು. ಎನ್ನಹ್ದಾ ಪಕ್ಷ ಸೋತಿತ್ತು. ಇಂಗ್ಲಿಷಿನಲ್ಲಿ ‘ಇಸ್ಲಾಮಿಸ್ಟ್’ ಅಂತಿತ್ತು. ಪುಟ ಬಿಡುವ ಗಡಿಬಿಡಿ. ‘ಮುಸ್ಲಿಂ ಪಕ್ಷಕ್ಕೆ ಸೋಲು’ ಅಂತ ಹೆಡ್ಡಿಂಗ್ ಕೊಟ್ಟು ಮನೆಗೆ ಹೋದೆ.

ಆ ವಾರವೇ ನಾಪೋಕ್ಲಿಗೆ ಹೋಗಿದ್ದೆ. ಪರಿಚಯದ ಕಾಕ ತಕ್ಕಡಿಯಲ್ಲಿ ಕರಿಮೆಣಸು ತೂಗುತ್ತಿದ್ದರು. ಪಕ್ಕದಲ್ಲೇ ನಮ್ಮ ಪೇಪರು. “ಅಲ್ಲ ಸಾರ್, ಮುಸ್ಲಿಂ ಪಕ್ಷ ಸೋತಿದೆ ಅಂದ್ರೆ ಗೆದ್ದವರು ಯಾರು? ಅವರೂ ಮುಸ್ಲಿಮರೇ ಅಲ್ವಾ?” ನನ್ನ ಬಾಯಿ ಕಟ್ಟಿತು.

ಕಾಕ ವರ್ಷವರ್ಷ ಎಮ್ಮೆಮಾಡು ಉರೂಸ್‌ಗೆ ಹೋಗುವವರು. ಅದು ಅವರ ಧರ್ಮ. ದೇಶದ ಕಾನೂನು, ಆಡಳಿತ ಎಲ್ಲವೂ ಇಸ್ಲಾಮಿನ ಪ್ರಕಾರವೇ ನಡೆಯಬೇಕು ಅನ್ನುವುದು ರಾಜಕೀಯ. ‘ಇಸ್ಲಾಮಿಸ್ಟ್’ ಅಂದರೆ ಆ ರಾಜಕೀಯದವರು. ಅರಬ್ಬಿಯಲ್ಲಿ ಇವೆರಡಕ್ಕೆ ಬೇರೆ ಬೇರೆ ಪದಗಳೇ ಇವೆ: ನಂಬುವವರು ‘ಮುಸ್ಲಿಮೂನ್’, ಈ ರಾಜಕೀಯದವರು ‘ಇಸ್ಲಾಮಿಯ್ಯೂನ್’. ಕನ್ನಡದಲ್ಲಿ ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೆ. ಹಾಗಂತ ತಪ್ಪು ನನ್ನೊಬ್ಬನದೇ ಅಲ್ಲ, ಪದದ ಚರಿತ್ರೆಯೇ ಗೊಂದಲದ್ದು. 18ನೇ ಶತಮಾನದ ಫ್ರೆಂಚರಿಗೆ ‘ಇಸ್ಲಾಮಿಸ್ಮ್’ ಅಂದರೆ ಸುಮ್ನೆ ಇಸ್ಲಾಂ ಧರ್ಮ. ಈಗಿನ ಅರ್ಥ ಗಟ್ಟಿಯಾಗಿದ್ದು 1979ರ ಇರಾನ್ ಕ್ರಾಂತಿಯ ಆಸುಪಾಸಿನಲ್ಲಿ.

ಅಲ್ಲಿಂದ ಮುಂದೆ ಹೀಗೆ ಮಾಡಿದೆ. ಸಿದ್ಧಾಂತಕ್ಕೆ ‘ರಾಜಕೀಯ ಇಸ್ಲಾಂ’, ಅದನ್ನು ಒಪ್ಪಿದವರಿಗೆ ‘ಇಸ್ಲಾಂವಾದಿ’. ‘ಇಸ್ಲಾಮಿಕ್’ ಅನ್ನುವುದನ್ನು ಕಲೆ, ಕಟ್ಟಡ, ಕ್ಯಾಲೆಂಡರಿಗೆ ಬಿಟ್ಟೆ. ಒಬ್ಬ ಸಹೋದ್ಯೋಗಿ ಎಲ್ಲದಕ್ಕೂ ‘ಉಗ್ರ’ ಸೇರಿಸುತ್ತಿದ್ದ. ಅದಂತೂ ಬೇಡವೇ ಬೇಡ ಅಂದೆ. 1928ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದ ಇಸ್ಲಾಂವಾದಿ ಸಂಘಟನೆ ಮುಸ್ಲಿಂ ಬ್ರದರ್‌ಹುಡ್‌ನವರು 2012ರಲ್ಲಿ ಓಟು ಪಡೆದೇ ಅಧ್ಯಕ್ಷ ಸ್ಥಾನ ಗೆದ್ದರು. ಇವರಿಗೂ ಬಂದೂಕು ಹಿಡಿದವರಿಗೂ ಒಂದೇ ಹಣೆಪಟ್ಟಿ ಅಂಟಿಸಿದರೆ ಓದುಗನಿಗೆ ಏನು ತಿಳಿಯುತ್ತದೆ? ಎಪಿ ಸುದ್ದಿಸಂಸ್ಥೆಯೂ 2013ರಲ್ಲೇ ತನ್ನ ಕೈಪಿಡಿ ತಿದ್ದಿ, ‘ಇಸ್ಲಾಮಿಸ್ಟ್’ ಪದವನ್ನು ಉಗ್ರರಿಗೆ ಪರ್ಯಾಯವಾಗಿ ಬಳಸಬೇಡಿ ಅಂದಿತ್ತು. ಸಂಘಟನೆಯ ಹೆಸರು ಗೊತ್ತಿದ್ದರೆ ಹೆಸರೇ ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು.

2016ರಲ್ಲಿ ಅದೇ ಎನ್ನಹ್ದಾ ‘ರಾಜಕೀಯ ಇಸ್ಲಾಂ ಬಿಟ್ಟೆವು, ಇನ್ನು ನಾವು ಮುಸ್ಲಿಂ ಡೆಮಾಕ್ರಾಟರು’ ಎಂದು ಸಾರಿತು. ‘ಮುಸ್ಲಿಂ ಪ್ರಜಾಪ್ರಭುತ್ವವಾದಿಗಳು’ ಅಂತ ಟೈಪ್ ಮಾಡಿದೆ. ಸಿಂಗಲ್ ಕಾಲಮ್ಮಿನಲ್ಲಿ ಹಿಡಿಸಲಿಲ್ಲ. ಪುಟ ಮಾಡುವ ಹುಡುಗ ‘ಪ್ರಜಾಪ್ರಭುತ್ವ ತೆಗೀಲಾ ಸಾರ್?’ ಅಂದ. ಬೇಡಪ್ಪಾ, ಅಕ್ಷರ ಸಣ್ಣದು ಮಾಡು ಅಂದೆ.